ಅಂದಾಜಿನ ಭರವಸೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆ?

ಪರ

ಗದಗ ಸೀಮೆಯ ಎರೆಹೊಲದಲ್ಲಿ ಮಳೆ ಬಿದ್ದ ಮರುದಿನ ರೈತನು ಮಣ್ಣನ್ನು ಕೆದರಿ, ಅಂಗೈಯಲ್ಲಿ ಉಂಡೆ ಕಟ್ಟಿ, ಹಸಿ ಎಷ್ಟು ಆಳಕ್ಕೆ ಇಳಿದಿದೆಯೆಂದು ನೋಡಿದ ಮೇಲೆಯೇ ಕೂರಿಗೆ ಹೂಡುತ್ತಾನೆ. ಅವನ ಮುಂದೆ ಎರಡು ದಾರಿಗಳಿವೆ ಎಂದಿಟ್ಟುಕೊಳ್ಳೋಣ. ಹೆಸರು ಬಿತ್ತಿದರೆ ಮಳೆ ಚೆನ್ನಾದಾಗ ಎಕರೆಗೆ 20,000 ರೂಪಾಯಿ, ಕೈಕೊಟ್ಟಾಗ 10,000 ರೂಪಾಯಿ ಉಳಿಯುತ್ತದೆ. ಹೊಸ ತಳಿಯ ಮೆಣಸಿನಕಾಯಿ ಫಲಿಸಿದರೆ 40,000 ಲಾಭ, ಕೆಟ್ಟರೆ 5,000 ನಷ್ಟ. ಎರಡಕ್ಕೂ ಸಾಧ್ಯತೆ ಅರ್ಧಕ್ಕರ್ಧ ಎಂದು ಹಿಡಿದರೆ ಸರಾಸರಿಯು ಹೆಸರಿಗೆ 15,000, ಮೆಣಸಿನಕಾಯಿಗೆ 17,500 ಆಗುತ್ತದೆ. ಆದರೆ ಮೊದಲನೆಯ ಅಂದಾಜು ಮೂವತ್ತು ವರ್ಷಗಳ ಮಳೆಯ ದಾಖಲೆಯಿಂದ ಬಂದದ್ದು, ಎರಡನೆಯದು ಬೀಜ ಮಾರುವವನ ಬಾಯಿಮಾತು. ಈ ಅಂತರವನ್ನು ಕಾಣದ ಲೆಕ್ಕವನ್ನು ನಾನು ಪೂರ್ಣವೆಂದು ಒಪ್ಪಲಾರೆ.

ಸ್ವೀಡನ್ನಿನ ತತ್ವಶಾಸ್ತ್ರಜ್ಞರಾದ ಪೀಟರ್ ಗಾರ್ಡೆನ್‌ಫೋರ್ಸ್ ಮತ್ತು ನಿಲ್ಸ್-ಎರಿಕ್ ಸಾಲಿನ್ 1982ರಲ್ಲಿ ಮುಂದಿಟ್ಟ ನಿಯಮ ಇದನ್ನೇ ಸರಿಪಡಿಸುತ್ತದೆ. ತಕ್ಕಮಟ್ಟಿಗೆ ನಂಬಬಹುದಾದ ಅಂದಾಜುಗಳನ್ನು ಮಾತ್ರ ಉಳಿಸಿಕೊಂಡು, ಅವುಗಳ ಪೈಕಿ ಪ್ರತಿಯೊಂದು ಆಯ್ಕೆಗೂ ದೊರೆಯುವ ಅತಿ ಕಡಿಮೆ ನಿರೀಕ್ಷಿತ ಪ್ರಯೋಜನವನ್ನು (ಸಾಧ್ಯತೆಗೆ ತಕ್ಕಂತೆ ತೂಗಿದ ಸರಾಸರಿ ಫಲವನ್ನು) ಕಂಡುಕೊಂಡು, ಆ ಕನಿಷ್ಠಗಳಲ್ಲಿ ದೊಡ್ಡದನ್ನು ಆರಿಸಬೇಕೆಂದು ಅದು ಹೇಳುತ್ತದೆ. ಮೆಣಸಿನಕಾಯಿ ಫಲಿಸುವ ಸಾಧ್ಯತೆ ನೂರಕ್ಕೆ 30ರಿಂದ 70ರ ನಡುವೆ ಎಲ್ಲಿಯಾದರೂ ಇರಬಹುದಾದರೆ ಅದರ ಕನಿಷ್ಠ 8,500ಕ್ಕೆ ಇಳಿಯುತ್ತದೆ. ಹೆಸರು 15,000ದ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಾಲ ತಂದು ಬಿತ್ತುವವನು ಮೊದಲು ನೋಡಬೇಕಾದದ್ದು ಈ ಕನಿಷ್ಠವನ್ನೇ.

ವಿರೋಧ

ನೂರಕ್ಕೆ 30 ಎಂಬ ಆ ಗೆರೆಯನ್ನು ಎಳೆದವರು ಯಾರು? ಅದನ್ನು 45ಕ್ಕೆ ಏರಿಸಿದರೆ ಮೆಣಸಿನಕಾಯಿಯ ಕನಿಷ್ಠವೇ 15,250 ಆಗಿ ತೀರ್ಮಾನ ತಿರುವುಮುರುವಾಗುತ್ತದೆ. ಗೆರೆ ಎಲ್ಲಿರಬೇಕೆಂಬುದನ್ನು ನಿಯಮವು ಬಿತ್ತುವವನ ಮನಸ್ಸಿಗೇ ಬಿಡುತ್ತದೆ. ಇನ್ನು ಸಾಲಗಾರನ ಭಯದ ಮಾತು. ಒಂದೇ ಮೊತ್ತ ಬಡವನಿಗೂ ಸಿರಿವಂತನಿಗೂ ಸಮನಾಗಿ ತೂಗುವುದಿಲ್ಲವೆಂದು ಗಣಿತಜ್ಞ ಡೇನಿಯಲ್ ಬರ್ನೌಲಿ 1738ರಲ್ಲೇ ವಿವರಿಸಿದ್ದು, ಪ್ರಯೋಜನದ ಅಳತೆಯೊಳಗೆ ಆ ಭಯ ಆಗಲೇ ಸೇರಿದೆ; ಅದನ್ನು ಭರವಸೆಯ ಹೆಸರಿನಲ್ಲಿ ಮತ್ತೆ ಕಳೆಯುವುದು ಒಂದೇ ಖರ್ಚನ್ನು ಎರಡು ಸಲ ಬರೆದಂತೆ.

ಇದಕ್ಕಿಂತ ದೊಡ್ಡ ಆಕ್ಷೇಪ ಬೇರೆಯಿದೆ, ಪರವಾದಿಯಾದ ನನ್ನನ್ನೂ ಅದು ಕಾಡುತ್ತದೆ. ಹೊಸ ಬೆಳೆಯ ದಾಖಲೆ ಹುಟ್ಟುವುದು ಅದನ್ನು ಬಿತ್ತಿದಾಗ ಮಾತ್ರ. ಊರಿನವರೆಲ್ಲ ಕನಿಷ್ಠವನ್ನೇ ನೋಡಿ ಹೆಸರಿಗೆ ಅಂಟಿಕೊಂಡರೆ ಮೆಣಸಿನಕಾಯಿಯ ಅಂದಾಜು ಹತ್ತು ವರ್ಷ ಕಳೆದರೂ ಬೀಜ ಮಾರುವವನ ಬಾಯಿಮಾತಾಗಿಯೇ ಉಳಿಯುತ್ತದೆ. ಹೊಲದ ಬದುವಿನ ಪಕ್ಕದ ಅರ್ಧ ಎಕರೆಗೆ ಅದನ್ನು ಹಾಕಿ ನೋಡುವವನು ಆ ವರ್ಷದ ಲಾಭವನ್ನಷ್ಟೇ ಅಲ್ಲ, ಮುಂದಿನ ವರ್ಷಗಳ ತಿಳಿವಳಿಕೆಯನ್ನೂ ಬೆಳೆಯುತ್ತಾನೆ. ಒಂದೇ ಹಂಗಾಮಿನ ಕನಿಷ್ಠವನ್ನು ಹೋಲಿಸುವ ನಿಯಮದಲ್ಲಿ ಆ ತಿಳಿವಳಿಕೆಗೆ ಬೆಲೆ ಕಟ್ಟುವ ಜಾಗವಿಲ್ಲ.