ಆರೋಗ್ಯದಲ್ಲಿ ಚಿಕಿತ್ಸೆಯ ಪಾಲು ಶೇ 20 ಮಾತ್ರವೇ? ಒಂದು ಸ್ಪಷ್ಟನೆ

‘ಆರೋಗ್ಯದಲ್ಲಿ ವೈದ್ಯಕೀಯ ಸೇವೆಯ ಪಾಲು ಬರೀ ಶೇ 20. ಆದ್ದರಿಂದ ಆಸ್ಪತ್ರೆಗಳ ಹಣ ಕಡಿತ ಮಾಡಿ ಬೇರೆ ಇಲಾಖೆಗಳಿಗೆ ಕೊಡಬೇಕು’ ಎಂಬ ಮಾತು ಹರಿದಾಡುತ್ತಿದೆ. ಅಂಕಿ ಯಾರೋ ಕಟ್ಟಿದ್ದಲ್ಲ. ಅದರಿಂದ ಎಳೆದ ತೀರ್ಮಾನ ಮಾತ್ರ ತಪ್ಪು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡ ಅಲ್ಲಿನ ಕೌಂಟಿಗಳಿಗೆ (ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳು) ಆರೋಗ್ಯ ಶ್ರೇಯಾಂಕ ಕೊಡುವಾಗ ಸಾಮಾಜಿಕ–ಆರ್ಥಿಕ ಅಂಶಗಳಿಗೆ ಶೇ 40, ಅಭ್ಯಾಸಗಳಿಗೆ 30, ಚಿಕಿತ್ಸೆಗೆ 20, ಭೌತಿಕ ಪರಿಸರಕ್ಕೆ 10ರಷ್ಟು ತೂಕ ಇಟ್ಟಿತ್ತು. ಪ್ರದೇಶಗಳನ್ನು ಹೋಲಿಸಲು ಇಟ್ಟ ತೂಕ ಅದು. ಒಬ್ಬ ವ್ಯಕ್ತಿಯ ಆರೋಗ್ಯವನ್ನಾಗಲಿ, ಸರ್ಕಾರದ ಬಜೆಟ್ಟನ್ನಾಗಲಿ ಅದೇ ಪ್ರಮಾಣದಲ್ಲಿ ಹಂಚಲು ಬರುವುದಿಲ್ಲ.

ಕ್ಷಯವನ್ನೇ ನೋಡಿ. ಇಕ್ಕಟ್ಟಾದ ಮನೆ, ಅಪೌಷ್ಟಿಕತೆ ರೋಗಕ್ಕೆ ದಾರಿ ಮಾಡುತ್ತವೆ. ಬಂದ ರೋಗ ವಾಸಿಯಾಗಲು ತಿಂಗಳುಗಟ್ಟಲೆ ಔಷಧ ಬೇಕೇ ಬೇಕು. ಇಲ್ಲಿ ವಸತಿಯ ಪಾಲೆಷ್ಟು, ಮಾತ್ರೆಯ ಪಾಲೆಷ್ಟು? ಕಾರಣಗಳು ಒಂದರೊಳಗೊಂದು ಹೆಣೆದುಕೊಂಡಿರುವಾಗ ಅವನ್ನು ಕೂಡಿಸಿ ನೂರಾಗಿಸುವ ಲೆಕ್ಕವೇ ಅಸಂಬದ್ಧ.

ಇಲಾಖೆಗಳು ಕೈಜೋಡಿಸಬೇಕೆಂಬ ವಾದ ಹಳೆಯದು, ಸರಿಯಾದದ್ದೂ ಹೌದು. ಪ್ರಾಥಮಿಕ ಆರೋಗ್ಯ ಸೇವೆ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ಹೊರಡಿಸಿದ 1978ರ ಆಲ್ಮಾ ಆಟಾ ಘೋಷಣೆ ಕೃಷಿ, ಆಹಾರ, ಶಿಕ್ಷಣ, ವಸತಿ ಕ್ಷೇತ್ರಗಳ ಸಮನ್ವಯವನ್ನು ಕೇಳಿತ್ತು. ಆದರೆ ಸಾಮಾನ್ಯ ಕಾಯಿಲೆಗಳಿಗೆ ಸೂಕ್ತ ಚಿಕಿತ್ಸೆ, ಅಗತ್ಯ ಔಷಧಗಳ ಪೂರೈಕೆಯೂ ಅದೇ ಘೋಷಣೆಯಲ್ಲಿತ್ತು. ಚಿಕಿತ್ಸೆಯ ಹಣ ಕಿತ್ತುಕೊಂಡರೆ ಮೊದಲು ಪೆಟ್ಟು ತಿನ್ನುವವರು ಖಾಸಗಿಯಾಗಿ ದುಡ್ಡು ತೆರಲಾಗದ ಬಡವರೇ.