ಮೂರು ಕಡೆ ನೀರು, ದೋಣಿಗೆ ಜಾಗ ಇಲ್ಲ

ಮುಂಬೈಯಲ್ಲಿ ಮನೆ ಸಿಗುವುದು ಕಷ್ಟ ಅಂತ ಎಲ್ಲರಿಗೂ ಗೊತ್ತು. ಆಟದ ದೋಣಿಗೆ ನೀರು ಸಿಗುವುದು ಅದಕ್ಕಿಂತ ಕಷ್ಟ ಅನ್ನುವುದು ನನಗೆ ಗೊತ್ತಾಗಿದ್ದು ಹೋದ ವರ್ಷ.

ಆಟದ ದೋಣಿ ಅಂದರೆ ಕಾಗದದ್ದಲ್ಲ. ಮುಕ್ಕಾಲು ಮೀಟರ್ ಉದ್ದದ, ಬಾಲ್ಸಾ ಮರದ, ರಿಮೋಟಿನ ಹಾಯಿದೋಣಿ. ಮೋಟರ್ ಇಲ್ಲ. ಒಳಗೆ ಸರ್ವೋ ಅನ್ನುವ ಎರಡು ಪುಟ್ಟ ಯಂತ್ರ ಇವೆ, ಒಂದು ಚುಕ್ಕಾಣಿ ತಿರುಗಿಸುತ್ತದೆ, ಇನ್ನೊಂದು ಹಾಯಿಯ ದಾರ ಎಳೆಯುತ್ತದೆ, ಬಿಡುತ್ತದೆ, ಅಷ್ಟೇ. ಮುಂದಕ್ಕೆ ಹೋಗುವುದು ಪೂರ್ತಿ ಗಾಳಿಯ ಜವಾಬ್ದಾರಿ. ಮುಲುಂಡಿನ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ, ಟಿವಿ ಮತ್ತು ಶೂ ರ‍್ಯಾಕ್ ನಡುವಿನ ಮೂಲೆಯಲ್ಲಿ ಕೂತು ಎಂಟು ತಿಂಗಳು ಕಟ್ಟಿದೆ. ಅಷ್ಟೂ ದಿನ ಮನೆಯ ಸಾರಿಗೆ ಫೆವಿಕ್ವಿಕ್ ವಾಸನೆ. ಕಟ್ಟಿ ಮುಗಿದ ಮೇಲೆ ಅದನ್ನು ಇಡಲು ಜಾಗ ಇಲ್ಲ. ಹಾಯಿಕಂಬ ಕಪಾಟಿನೊಳಗೆ ಹೋಗುವುದಿಲ್ಲ, ಹಾಗಾಗಿ ಬಾಗಿಲ ಹಿಂದೆ ನಿಲ್ಲಿಸಿದೆ. ಮನೆಗೆ ಬಂದವರು ಅದಕ್ಕೆ ಕೊಡೆ ನೇತುಹಾಕತೊಡಗಿದರು. "ಇದೊಂದು ಉಪಯೋಗಕ್ಕಾದ್ರೂ ಬಂತಲ್ಲ" ಅಂದಳು ನನ್ನ ಹೆಂಡತಿ.

ಮೊದಲ ಪರೀಕ್ಷೆ ಬಟ್ಟೆ ನೆನೆಸುವ ಟಬ್ಬಿನಲ್ಲಿ. ಇಲ್ಲಿ ಒಂದು ವಿಷಯ ಹೇಳಬೇಕು. ಹಾಯಿದೋಣಿಯ ಹೊಟ್ಟೆಯ ಕೆಳಗೆ ಒಂದು ರೆಕ್ಕೆ ಇರುತ್ತದೆ, ಅದರ ತುದಿಗೆ ಸೀಸದ ಗುಂಡು. ಕೀಲ್ ಅಂತಾರೆ. ಅದಿಲ್ಲದಿದ್ದರೆ ಗಾಳಿ ತಾಗಿದ ಕೂಡಲೇ ದೋಣಿ ಮಗುಚಿಕೊಳ್ಳುತ್ತದೆ, ಇಲ್ಲಾ ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತದೆ. ನನ್ನದರ ಕೀಲ್ ಒಂದೂವರೆ ಗೇಣು. ಟಬ್ಬಿನ ಆಳ ಒಂದು ಗೇಣು. ದೋಣಿ ತೇಲಲಿಲ್ಲ, ಟಬ್ಬಿನಲ್ಲಿ ನಿಂತುಕೊಂಡಿತು.

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿನ ಮುಚ್ಚಳ ತೆಗೆದೆ. ಬರೀ ಐದು ನಿಮಿಷದ ಕೆಲಸ, ತೇಲುತ್ತದೋ ಇಲ್ಲವೋ ನೋಡಿ ತೆಗೆದುಬಿಡುವುದು ಅಂತ. ತೇಲಿತು, ಚೆನ್ನಾಗಿಯೇ ತೇಲಿತು. ನಾನು ಖುಷಿಯಿಂದ ತಲೆ ಎತ್ತಿದರೆ ಹಿಂದೆ ಸೊಸೈಟಿಯ ಸೆಕ್ರೆಟರಿ ನಿಂತಿದ್ದರು. ಸಂಜೆಯೊಳಗೆ ಲಿಫ್ಟಿನ ಪಕ್ಕ ನೋಟಿಸ್ ಬಂತು, ಮರಾಠಿಯಲ್ಲೂ ಇಂಗ್ಲಿಷಿನಲ್ಲೂ: ಕುಡಿಯುವ ನೀರಿನ ಟ್ಯಾಂಕಿನಲ್ಲಿ ಯಾವುದೇ ರೀತಿಯ ದೋಣಿ ಬಿಡಬಾರದು. ಆ "ಯಾವುದೇ ರೀತಿಯ" ಯಾಕೆ ಅಂತ ನನಗೆ ಇನ್ನೂ ಅರ್ಥ ಆಗಿಲ್ಲ. ಬೇರೆ ಯಾರು ಬಿಡುತ್ತಾರೆ?

"ಇಷ್ಟು ದೊಡ್ಡ ಸಮುದ್ರ ಇದೆಯಲ್ಲ ಮಾರಾಯ್ರೆ, ಅಲ್ಲಿ ಬಿಡಿ" ಅಂದರು ನಮ್ಮ ಗೆಳೆಯರಾದ ಹೋಟೆಲ್ ಶೆಟ್ರು. ಎಲ್ಲರೂ ಇದನ್ನೇ ಹೇಳುತ್ತಾರೆ. ಸಮುದ್ರಕ್ಕೆ ಹೋದೆ ಕೂಡ, ಜುಹೂಗೆ. ಮೊದಲ ಅಲೆ ದೋಣಿಯನ್ನು ಎತ್ತಿ ನನ್ನ ಮೊಣಕಾಲಿಗೆ ಹೊಡೆಯಿತು. ಎರಡನೆಯದು ಮರಳೊಳಗೆ ಹೂತಿತು. ಇನ್ನು ಉಪ್ಪುನೀರು ಸರ್ವೋ ಒಳಗೆ ಹೋದರೆ ಅದು ಮತ್ತೆ ಏಳುವುದಿಲ್ಲ. ಪೂರ್ವದ ಕಡೆ ಖಾಡಿ, ಅಂದರೆ ನೆಲದೊಳಗೆ ಚಾಚಿದ ಸಮುದ್ರದ ತೋಳು ಇದೆ, ಅಲ್ಲಿ ಅಲೆ ಇಲ್ಲ ನಿಜ, ಆದರೆ ಅಮಾವಾಸ್ಯೆ ಹುಣ್ಣಿಮೆ ಹತ್ತಿರ ಮುಂಬೈಯಲ್ಲಿ ಭರತಕ್ಕೂ ಇಳಿತಕ್ಕೂ ನಾಲ್ಕು ಮೀಟರಿಗಿಂತ ಜಾಸ್ತಿ ವ್ಯತ್ಯಾಸ. ನೀರಿಗೆ ಬಿಟ್ಟ ದೋಣಿಯನ್ನು ಕೆಸರಿನಿಂದ ಎತ್ತಿಕೊಳ್ಳಬೇಕಾಗುತ್ತದೆ.

ಅಲ್ಲಿಂದ ಶುರುವಾಯಿತು ಕೆರೆ ಹುಡುಕಾಟ. ಬಾಡಿಗೆ ಮನೆ ಹುಡುಕಿದ ಅನುಭವ ಇದ್ದವರಿಗೆ ಇದು ಹೊಸದಲ್ಲ. ನೀರಿದ್ದರೆ ಗಾಳಿ ಇಲ್ಲ, ಗಾಳಿ ಇದ್ದರೆ ಕಳೆ, ಎರಡೂ ಸರಿಯಿದ್ದರೆ ಗೇಟಿಗೆ ಬೀಗ. ವಿಹಾರ್ ಕೆರೆ ನೋಡಿ. 1860ರಲ್ಲಿ ಕಟ್ಟಿ ಮುಗಿಸಿದ್ದು, ಸುತ್ತ ಕಾಡು, ಬಿಲ್ಡಿಂಗಿನ ಸುಳಿವಿಲ್ಲ, ವಿಶಾಲವಾದ ನೀರು, ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಅದು ಊರಿಗೆ ಕುಡಿಯುವ ನೀರು ಕೊಡುವ ಕೆರೆ, ಒಳಗೆ ಬಿಡುವುದಿಲ್ಲ. ನಮ್ಮ ಸೆಕ್ರೆಟರಿಯ ನೋಟಿಸನ್ನೇ ಇನ್ನೂ ದೊಡ್ಡದಾಗಿ ಬರೆದ ಹಾಗೆ.

ಪಕ್ಕದ ಪೊವಾಯಿ ಕೆರೆ 1891ರದ್ದು. ಅದನ್ನೂ ಕುಡಿಯುವ ನೀರಿಗೆ ಅಂತಲೇ ಮಾಡಿದ್ದು, ನೀರು ಸರಿಹೋಗದೆ ಕೈಬಿಟ್ಟರು. ಹಾಗಾಗಿ ದಂಡೆಗೆ ಹೋಗಬಹುದು. ಹೋದರೆ ಎರಡು ಸಮಸ್ಯೆ. ಒಂದು ಅಂತರಗಂಗೆ. ನೇರಳೆ ಹೂವು ಬಿಡುವ ಆ ಗಿಡ ನೀರಿನ ಮೇಲೆ ಹಸಿರು ಚಾಪೆ ಹಾಸಿದ ಹಾಗೆ ಹಬ್ಬಿರುತ್ತದೆ, ಕೆಳಗೆ ಇಳಿಬಿದ್ದ ಬೇರು ಕೀಲಿಗೆ ಸುತ್ತಿಕೊಂಡರೆ ಮುಗಿಯಿತು. ಇನ್ನೊಂದು ಮೊಸಳೆ. ಸುಮ್ನೆ ಹೇಳುತ್ತಿಲ್ಲ, ಐಐಟಿ ಪಕ್ಕದ ಆ ಕೆರೆಯಲ್ಲಿ ನಿಜವಾಗಿಯೂ ಮೊಸಳೆಗಳಿವೆ. ನನ್ನ ದೋಣಿ ಇಪ್ಪತ್ತು ಅಡಿ ಚೆನ್ನಾಗಿ ಹೋಗಿ ಅಂತರಗಂಗೆಗೆ ಸಿಕ್ಕಿಕೊಂಡಾಗ ಪ್ಯಾಂಟು ಮಡಚಿ ನೀರಿಗಿಳಿಯೋಣ ಅಂದುಕೊಂಡವನು ಆ ಮಾತು ನೆನಪಾಗಿ ಪ್ಯಾಂಟು ಮತ್ತೆ ಇಳಿಸಿಕೊಂಡೆ.

ಕಾಪಾಡಿದವರು ಅಲ್ಲೇ ಗಾಳ ಹಾಕಿ ಕೂತಿದ್ದ ಒಬ್ಬ ಹಿರಿಯರು. ಒಂದು ಮಾತಾಡದೆ ಎದ್ದು, ಗುರಿ ನೋಡಿ, ದಾರ ಬೀಸಿದರು. ಮೂರನೇ ಸಲಕ್ಕೆ ಕೊಕ್ಕೆ ಹಾಯಿಗೆ ಸಿಕ್ಕಿತು. ಹಾಯಿ ಹರಿಯಿತು, ದೋಣಿ ಬಂತು. "ಬೆಳಿಗ್ಗೆಯಿಂದ ಸಿಕ್ಕಿದ್ದರಲ್ಲಿ ಇದೇ ದೊಡ್ಡದು" ಅಂತ ಹಿಂದಿಯಲ್ಲಿ ಹೇಳಿ ಫೋಟೋನೂ ತೆಗೆಸಿಕೊಂಡರು. ಆಮೇಲೆ ಒಂದು ಉಪಾಯ ಹೇಳಿಕೊಟ್ಟರು: ಗಾಳದ ದಾರಕ್ಕೆ ಟೆನಿಸ್ ಚೆಂಡು ಕಟ್ಟಿ ದೋಣಿಯ ಆಚೆಗೆ ಎಸೆಯಬೇಕು, ದಾರ ದೋಣಿಯ ಮೇಲೆ ಬಿದ್ದಾಗ ಮೆಲ್ಲಗೆ ಎಳೆದುಕೊಳ್ಳಬೇಕು. ಅವತ್ತಿನಿಂದ ನನ್ನ ಚೀಲದಲ್ಲಿ ಚೆಂಡು ಇರುತ್ತದೆ. ದೋಣಿ ಮರೆತರೂ ಚೆಂಡು ಮರೆಯುವುದಿಲ್ಲ.

ಈ ನಡುವೆ ಗಾಳಿಯ ಬಗ್ಗೆ ಓದಿಕೊಂಡೆ. ಓದಬಾರದಿತ್ತು. ಬಿಲ್ಡಿಂಗ್ ಎಷ್ಟು ಎತ್ತರವೋ ಅದರ ಹತ್ತು ಪಟ್ಟು ದೂರದವರೆಗೂ ಅದರ ಮರೆಯಲ್ಲಿ ಗಾಳಿ ಕೆಟ್ಟಿರುತ್ತದೆ ಅಂತ ಹಾಯಿದೋಣಿಯವರ ಒಂದು ಅಂದಾಜು ಲೆಕ್ಕ. ಇಪ್ಪತ್ತು ಮಹಡಿ ಅಂದರೆ ಸುಮಾರು 60 ಮೀಟರ್, ಹಾಗಾದರೆ 600 ಮೀಟರ್ ದೂರದವರೆಗೆ ಗಾಳಿ ಸುತ್ತು ಹೊಡೆಯುತ್ತಾ ಇರುತ್ತದೆ. ಈ ಲೆಕ್ಕ ಹಿಡಿದರೆ ನಾನು ದೋಣಿ ಬಿಡಲು ಕೊಲ್ಲಿಯಾಚೆಯ ಅಲಿಬಾಗಿಗೆ ಹೋಗಬೇಕು. ಸಾಲದ್ದಕ್ಕೆ ಸಮುದ್ರದ ಗಾಳಿ ಏಳುವುದು ಮಧ್ಯಾಹ್ನದ ಮೇಲೆ, ಬಿಸಿಲಿಗೆ ನೆಲ ಕಾದ ನಂತರ. ನಾನು ಹೋಗುತ್ತಿದ್ದದ್ದು ಬೆಳಿಗ್ಗೆ ಆರಕ್ಕೆ, ಜನ ಇರುವುದಿಲ್ಲ ಅಂತ. ಗಾಳಿಯೂ ಇರುತ್ತಿರಲಿಲ್ಲ. ಥಾಣೆಯ ಉಪವನ ಕೆರೆಯಲ್ಲಿ ಒಂದು ಸಲ ನಲವತ್ತು ನಿಮಿಷ ದೋಣಿ ಬಿಟ್ಟ ಜಾಗದಲ್ಲೇ ನಿಂತಿತ್ತು. ವಾಕಿಂಗಿಗೆ ಬಂದವರೊಬ್ಬರು ನಾಲ್ಕನೇ ಸುತ್ತಿನಲ್ಲಿ ನನ್ನ ಹೆಗಲು ಮುಟ್ಟಿ, "ಸೆಲ್ ಹೋಗಿರಬೇಕು" ಅಂದರು.

ಆದರೆ ನಿಜವಾದ ಅವಮಾನ ಆಗಿದ್ದು ಬಾಣಗಂಗಾದಲ್ಲಿ.

ಪಿತೃಪಕ್ಷ. ಗೋರೆಗಾಂವ್‌ನ ನಮ್ಮ ಸೋದರಮಾವ ಅವರಪ್ಪನ ಪಕ್ಷ ಮಾಡಲು ಮಲಬಾರ್ ಹಿಲ್‌ನ ಬಾಣಗಂಗಾಕ್ಕೆ ಹೊರಟಿದ್ದರು, ಜೊತೆಗೆ ಬಾ ಅಂದರು. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ನಡುವೆ ಉದ್ದನೆಯ ಕೊಳ, ಅಂತರಗಂಗೆ ಇಲ್ಲ, ಮೊಸಳೆ ಇಲ್ಲ, ಮೆಟ್ಟಿಲ ಮೇಲೆ ನಿಂತೇ ದೋಣಿ ಬಿಡಬಹುದು. "ಪಕ್ಷಕ್ಕೆ ಹೋಗೋದಕ್ಕೆ ದೋಣಿ ಯಾಕ್ರೀ?" ಅಂತ ಹೆಂಡತಿ ಕೇಳಿದಳು. ಸುಮ್ನೆ ಇರಲಿ ಅಂತ, ಅಂದೆ. ಬೇರೆ ಉತ್ತರ ಇರಲಿಲ್ಲ.

ಮಾವ ಪಂಚೆ ಉಟ್ಟು ಭಟ್ಟರ ಮುಂದೆ ಕೂತರು. ನಾನು ಮೆಲ್ಲಗೆ ಎದುರಿನ ಮೂಲೆಗೆ ಹೋಗಿ ದೋಣಿ ನೀರಿಗಿಟ್ಟೆ. ಬಿಳಿ ಹಾಯಿ, ಹಸಿರು ನೀರು, ಒಂದಿಷ್ಟು ಗಾಳಿಯೂ ಬಂತು. ಪಕ್ಕದಲ್ಲಿ ಮೊಮ್ಮಗನ ಕೈ ಹಿಡಿದು ನಿಂತಿದ್ದ ಅಜ್ಜ ಒಬ್ಬರು ದೋಣಿ ನೋಡಿದರು, ನನ್ನ ನೋಡಿದರು, ಕೈ ಮುಗಿದರು. "ಕುಣಾಸಾಠೀ?" ಅಂದರು. ಯಾರಿಗೋಸ್ಕರ ಅಂತ. ಆ ಜಾಗದಲ್ಲಿ ಆ ದಿನ ನನಗೋಸ್ಕರ ಅನ್ನುವುದು ಹೇಗೆ? "ನಮ್ಮ ಅಜ್ಜನಿಗೋಸ್ಕರ" ಅಂದುಬಿಟ್ಟೆ.

"ನೇವಿಯಲ್ಲಿದ್ದರಾ?"

"ಇಲ್ಲ, ತೀರ್ಥಹಳ್ಳಿ ಕಡೆ ಅಡಿಕೆ ತೋಟ."

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಬಗ್ಗಿ ದೋಣಿಯ ಮೇಲೆ ಒಂದು ಚೆಂಡು ಹೂವು ಇಟ್ಟರು. ಅದನ್ನು ನೋಡಿದ ಮೊಮ್ಮಗ ತನ್ನ ಕೈಯಲ್ಲಿದ್ದ ಮಂಡಕ್ಕಿಯನ್ನು ಒಂದು ಹಿಡಿ ಸುರಿದ. ಬಾಣಗಂಗಾದಲ್ಲಿ ಬಾತುಕೋಳಿಗಳಿವೆ. ಇವೆ ಅಂತ ನನಗೂ ಗೊತ್ತಿತ್ತು, ಆದರೆ ಅವು ಅಷ್ಟು ಬೇಗ ಬರುತ್ತವೆ ಅಂತ ಗೊತ್ತಿರಲಿಲ್ಲ. ಐದೋ ಆರೋ ಒಟ್ಟಿಗೆ ಬಂದವು. ಒಂದು ಮಂಡಕ್ಕಿ ತಿಂದಿತು, ಒಂದು ಹೂವು ತಿಂದಿತು, ಒಂದು ಏನೂ ಸಿಗದೆ ಹಾಯಿ ಎಳೆಯಿತು, ಇನ್ನೊಂದು ದಪ್ಪನೆಯದು ದೋಣಿಯ ಮೇಲೇ ಹತ್ತಿ ಕೂರಲು ನೋಡಿತು. ದೋಣಿ ವಾಲಿತು, ಎದ್ದಿತು, ಮತ್ತೆ ವಾಲಿತು. ಕೀಲ್ ಇದ್ದಿದ್ದಕ್ಕೆ ಬಚಾವು. ನಾನು "ಹುಶ್ ಹುಶ್" ಅಂತ ಕೂಗುತ್ತಾ ಟೆನಿಸ್ ಚೆಂಡು ಎಸೆದೆ. ಚೆಂಡಿನ ಹಿಂದೆ ಎರಡು ಹೋದವು.

ಅಷ್ಟರಲ್ಲಿ ಇಡೀ ಕೊಳದ ಜನ ನನ್ನ ಕಡೆ ತಿರುಗಿತ್ತು. ಮಾವ ಒದ್ದೆ ಪಂಚೆಯಲ್ಲೇ ಎದ್ದು ಬಂದರು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. "ಅರ್ಧ ಗಂಟೆಯಿಂದ ಕಾಯ್ತಾ ಇದೀನಿ, ನಾನಿಟ್ಟ ಪಿಂಡಕ್ಕೆ ಒಂದು ಕಾಗೆ ಬರ್ಲಿಲ್ಲ" ಅಂದರು. "ನಿನ್ನ ದೋಣಿಗೆ ಹಿಂಡು ಹಿಂಡಾಗಿ ಬಾತುಕೋಳಿ ಬಂತಲ್ಲೋ!"

ಈಗ ನೆಂಟರ ಮನೆಯಲ್ಲಿ ಯಾವ ಊಟಕ್ಕೆ ಹೋದರೂ ಇದೇ ಕಥೆ. ಮಾವ ಪ್ರತಿ ಸಲ ಬಾತುಕೋಳಿಗಳ ಸಂಖ್ಯೆ ಜಾಸ್ತಿ ಮಾಡುತ್ತಾರೆ.

ಲಂಡನ್ನಿನ ಕೆನ್ಸಿಂಗ್ಟನ್ ಗಾರ್ಡನ್ಸಿನಲ್ಲಿ ರೌಂಡ್ ಪಾಂಡ್ ಅಂತ ಒಂದು ಕೊಳ ಇದೆ, ಅಲ್ಲಿ ಎಷ್ಟೋ ಕಾಲದಿಂದ ದೊಡ್ಡವರು, ಕೋಟು ಹಾಕಿದವರು, ರಾಜಾರೋಷವಾಗಿ ಆಟದ ದೋಣಿ ಬಿಡುತ್ತಾರೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲೂ ಇದೆ. ಪ್ಯಾರಿಸ್ಸಿನ ಲಕ್ಸಂಬರ್ಗ್ ಗಾರ್ಡನ್ನಿನಲ್ಲಂತೂ ಮಕ್ಕಳಿಗೆ ದೋಣಿ ಬಾಡಿಗೆಗೆ ಕೊಡುತ್ತಾರೆ, ಜೊತೆಗೆ ಒಂದು ಕೋಲು. ರಿಮೋಟ್ ಇಲ್ಲ. ಕೋಲಿನಿಂದ ನೂಕಿ ಆ ದಡಕ್ಕೆ ಓಡುವುದು, ಅಲ್ಲಿ ಬಂದಾಗ ಮತ್ತೆ ನೂಕುವುದು. ಇದರ ವಿಡಿಯೋ ತೋರಿಸಿದ್ದು ನನ್ನ ಮಗಳು. "ಅಪ್ಪ, ಅವರ ದೋಣಿ ವಾಪಸ್ ಬರುತ್ತೆ ನೋಡು" ಅಂದಳು.

ಕೊನೆಗೆ ಒಂದು ಕೆರೆ ಸಿಕ್ಕಿತು. ಥಾಣೆಯಲ್ಲೇ. ಹೆಸರು ಹೇಳುವುದಿಲ್ಲ, ಮತ್ತೆ ಅಲ್ಲಿಗೆ ಹೋಗಬೇಕಲ್ಲ. ಸಂಜೆ ನಾಲ್ಕಕ್ಕೆ ಹದವಾದ ಗಾಳಿ, ಸ್ವಚ್ಛ ನೀರು, ಕೂರಲು ಕಟ್ಟೆ, ಹೆಂಡತಿಗೆ ಭೇಲ್. ಭೇಲ್ ಆಸೆ ತೋರಿಸಿಯೇ ಅವಳನ್ನು ಕರೆದುಕೊಂಡು ಹೋಗಿದ್ದೆ. ದೋಣಿ ಹೊರಟಿತು. ಒಂದು ಕಡೆ ಸ್ವಲ್ಪ ವಾಲಿಕೊಂಡು, ಮೂತಿಯಲ್ಲಿ ಸಣ್ಣ ನೊರೆ ಎಬ್ಬಿಸಿಕೊಂಡು, ಎಂಟು ತಿಂಗಳ ಫೆವಿಕ್ವಿಕ್ ವಾಸನೆ ಸಾರ್ಥಕ ಅನ್ನುವ ಹಾಗೆ ಹೋಯಿತು. ಅವಳೂ ಭೇಲ್ ತಿನ್ನುವುದು ನಿಲ್ಲಿಸಿ ನೋಡಿದಳು. ನೂರು ಅಡಿ, ನೂರೈವತ್ತು ಅಡಿ. ತಿರುಗಿಸೋಣ ಅಂತ ರಿಮೋಟ್ ಒತ್ತಿದೆ. ತಿರುಗಲಿಲ್ಲ. ಉಪವನದ ಆ ವಾಕಿಂಗಿನವರ ಮಾತು ಮೂರು ತಿಂಗಳು ತಡವಾಗಿ ನಿಜವಾಯಿತು: ಸೆಲ್ ಹೋಗಿತ್ತು.

ಬಲ್ಲವರು ಗಾಳಿ ನೀರು ದಾಟಿ ಬಂದು ತಾಗುವ ದಂಡೆಯಲ್ಲಿ ನಿಲ್ಲುತ್ತಾರಂತೆ, ಬ್ಯಾಟರಿ ಹೋದರೂ ದೋಣಿ ತಾನಾಗಿ ನಮ್ಮ ಕಾಲಬುಡಕ್ಕೆ ಬರಲಿ ಅಂತ. ನಾನು ಭೇಲ್ ಗಾಡಿಯ ದಂಡೆಯಲ್ಲಿ ನಿಂತಿದ್ದೆ. ದೋಣಿ ಕೆರೆಯ ನಡುವಿನ ಕಾರಂಜಿಗೆ ಹೋಗಿ ಒರಗಿಕೊಂಡಿತು. ಟೆನಿಸ್ ಚೆಂಡು ಅಷ್ಟು ದೂರ ಹೋಗುವುದಿಲ್ಲ.

ಉಳಿದ ದಾರಿ ಪೆಡಲ್ ಬೋಟ್. ಹಂಸದ ಆಕಾರದ್ದು, ಪ್ಲಾಸ್ಟಿಕ್ಕಿನದ್ದು. ಒಬ್ಬರಿಗೆ ಕೊಡುವುದಿಲ್ಲ, ಕಡಿಮೆ ಅಂದರೆ ಇಬ್ಬರು ಬೇಕು ಅಂದ ಟಿಕೆಟಿನ ಹುಡುಗ. ಹೆಂಡತಿ ಲೈಫ್ ಜಾಕೆಟ್ ಹಾಕಿಕೊಂಡು, ಭೇಲ್ ಪೊಟ್ಟಣ ಮಡಿಲಲ್ಲಿಟ್ಟುಕೊಂಡು, ಒಂದೂ ಮಾತಾಡದೆ ಹತ್ತಿದಳು. ನಾನು ಆತುರದಲ್ಲಿ ತುಳಿದೆ. ಅವಳು ತುಳಿಯಲಿಲ್ಲ. ಹಂಸ ಎರಡು ಸುತ್ತು ಗಿರಗಿರ ತಿರುಗಿತು. "ಸ್ಟೇರಿಂಗ್ ನಂಗೆ ಕೊಡಿ" ಅಂದಳು. ಕೊಟ್ಟೆ. ನೇರವಾಗಿ ಕಾರಂಜಿಯ ಪಕ್ಕ ತಂದು ನಿಲ್ಲಿಸಿದಳು, ಅಷ್ಟು ನೇರವಾಗಿ ನನ್ನ ದೋಣಿ ಯಾವತ್ತೂ ಹೋಗಿಲ್ಲ. ನಾನು ಬಗ್ಗಿ ಹಾಯಿಕಂಬ ಹಿಡಿಯುವಷ್ಟರಲ್ಲಿ ಸಂಜೆಯ ಕಾರಂಜಿ ಶುರುವಾಯಿತು.

ದಡಕ್ಕೆ ಬಂದಾಗ ಟಿಕೆಟಿನ ಹುಡುಗ ಹಂಸವನ್ನೂ ನೋಡಿದ, ನನ್ನ ಕಂಕುಳಲ್ಲಿ ನೀರು ಸುರಿಸುತ್ತಿದ್ದ ದೋಣಿಯನ್ನೂ ನೋಡಿದ. "ವಾಪಸ್ ಬಂದಿದ್ದು ಎರಡು ಬೋಟ್, ದುಡ್ಡು ಕೊಟ್ಟಿದ್ದು ಒಂದಕ್ಕೆ" ಅಂದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಮಾಡುತ್ತಿರಲಿಲ್ಲ. ಇದು ಆಟದ್ದಪ್ಪ, ಇದರಲ್ಲಿ ಯಾರೂ ಕೂರುವುದಿಲ್ಲ ಅಂತ ನಾನು ನನ್ನ ಹಿಂದಿಯಲ್ಲಿ ವಾದ ಮಾಡುತ್ತಾ ಇದ್ದೆ, ತಿರುಗಿ ನೋಡಿದರೆ ಹೆಂಡತಿ ಜಾಕೆಟ್ ಬಿಚ್ಚದೆ ಮತ್ತೆ ಕ್ಯೂನಲ್ಲಿ ನಿಂತಿದ್ದಾಳೆ.

"ಆ ಕಡೆ ಮೂಲೆ ನೋಡೇ ಇಲ್ಲ, ಇನ್ನೊಂದು ರೌಂಡ್ ಹೋಗೋಣ" ಅಂದಳು. "ಅದನ್ನ ಆ ಹುಡುಗನ ಹತ್ರ ಕೊಟ್ಟು ಬನ್ನಿ."