ಏಳು ಬೀಜ, ಒಂದು ನೋಟಿಸು

ನಮ್ಮ ಮೇಷ್ಟ್ರಿಗೆ ವಕೀಲರ ನೋಟಿಸು ಬಂದ ವಿಷಯ ಚಿಕ್ಕಮಗಳೂರಲ್ಲಿ ಈಗ ಯಾರಿಗೂ ಹೊಸದಲ್ಲ. ಐ.ಜಿ. ರಸ್ತೆಯ ಹೋಟೆಲುಗಳಲ್ಲಿ ಎರಡು ವಾರದಿಂದ ಇದೇ ಮಾತು. ಕಾಳುಮೆಣಸಿನ ರೇಟು ಕೂಡ ಎರಡನೇ ಜಾಗಕ್ಕೆ ಇಳಿದಿದೆ. ಹಾಗಾಗಿ ಕತೆ ಮತ್ತೆ ಉದ್ದಕ್ಕೆ ಎಳೆಯುವುದಿಲ್ಲ. 1958ರ ಒಂದು ಕಾದಂಬರಿ, ಘಟ್ಟ ಹತ್ತಿ ಬಂದು ತೋಟದಲ್ಲಿ ದುಡಿದವರ ಕತೆ. ಒಂದೇ ಸಲ ಅಚ್ಚಾದದ್ದು. ಅಚ್ಚು ಹಾಕಿದವರ ಅಂಗಡಿ ಮುಚ್ಚಿ ಯಾವ ಕಾಲವೋ ಆಯಿತು. ಮೇಷ್ಟ್ರು ಅದನ್ನು ಸ್ಕ್ಯಾನ್ ಮಾಡಿ ಲಿಂಕ್ ಹಂಚಿದರು, ಬಿಟ್ಟಿಯಾಗಿ. ಕಾಪಿರೈಟ್ ನಮ್ಮದು ಅಂತ ಲೇಖಕರ ಮೊಮ್ಮಗ ಎಚ್ಚರಗೊಂಡರು.

ಆ ಎಚ್ಚರಕ್ಕೆ ಮೊದಲು ನನ್ನದೊಂದು ನಮಸ್ಕಾರ. ಅಜ್ಜನ ಸಾಹಿತ್ಯದ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಮನೆಯಲ್ಲಿ ಒಂದೇ ಒಂದು ಪ್ರತಿ ಇಲ್ಲದೆಯೂ ಉಳಿದ ಪ್ರೀತಿ ಅದು. ನೋಟಿಸಿನ ಜೊತೆ ಲಗತ್ತಿಸಲು ಪುಸ್ತಕ ಬೇಕಲ್ಲ? ವಕೀಲರು ಮೇಷ್ಟ್ರ ಲಿಂಕಿನಿಂದಲೇ ಅದನ್ನು ಇಳಿಸಿಕೊಂಡು, ಕೋರ್ಟಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಮೂರು ಪ್ರತಿ ತೆಗೆಸಿ, ಸ್ಪೈರಲ್ ಬೈಂಡಿಂಗ್ ಕೂಡ ಹಾಕಿಸಿದರಂತೆ. ಈ ಕಾದಂಬರಿಯ ಎರಡನೇ ಮುದ್ರಣ ಅಂತ ಆಗಿದ್ದರೆ ಅದು ಇದೇ.

ವಕೀಲರು ಮಾಡಿದ್ದು ತಪ್ಪು ಅಂದುಕೊಳ್ಳಬೇಡಿ. 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮು ತೆಗೆದು ನೋಡಿದೆ. ಕೋರ್ಟು ವ್ಯವಹಾರಕ್ಕೆ ಅಂತ ನಕಲು ತೆಗೆದರೆ ಅದು ಉಲ್ಲಂಘನೆಯಲ್ಲ. ಅಂದರೆ ಅಂಗಡಿಯಲ್ಲಿ ಸಿಗದ ಪುಸ್ತಕವನ್ನು ನೀವು ಕಾನೂನಿಗೆ ಹೆದರದೆ ಓದಬೇಕಾದರೆ ದಾರಿ ಸುಲಭ. ಯಾರ ಮೇಲಾದರೂ ಕೇಸು ಹಾಕಿ. ಈ ಜಿಲ್ಲೆಯ ಓದುಗರೆಲ್ಲ ಸೇರಿ, ನೀನು ನನ್ನ ಮೇಲೆ ಹಾಕು, ನಾನು ಇವರ ಮೇಲೆ ಹಾಕುತ್ತೇನೆ ಅಂತ ಒಪ್ಪಂದ ಮಾಡಿಕೊಂಡರೆ ನಮ್ಮ ಕೋರ್ಟು ರಾಜ್ಯದಲ್ಲೇ ಒಳ್ಳೆಯ ಗ್ರಂಥಾಲಯ ಆಗಬಹುದು. ವಾಯಿದೆಗೊಂದು ಅಧ್ಯಾಯ. ಧಾರಾವಾಹಿ ಓದಿದ ಹಾಗೂ ಆಯಿತು.

ನೋಟಿಸಿನಲ್ಲಿ ಕೇಳಿದ ಪರಿಹಾರ 5 ಲಕ್ಷ ರೂಪಾಯಿ. ಪುಸ್ತಕದ ಬೆಲೆ ಒಳಪುಟದಲ್ಲಿದೆ, ಒಂದೂವರೆ ರೂಪಾಯಿ. ಸುಮ್ನೆ ಲೆಕ್ಕ ಹಾಕಿದೆ. 3,33,333 ಪ್ರತಿ ಮಾರಾಟ ತಪ್ಪಿಹೋಗಿದೆ. ಕನ್ನಡ ಕಾದಂಬರಿ ಅಷ್ಟು ಖರ್ಚಾಗುತ್ತದೆ ಅಂತ ಗೊತ್ತಿದ್ದರೆ ನಾನು ಈ ಕಾಲಂ ಯಾಕೆ ಬರೆಯುತ್ತಿದ್ದೆ? ಮೇಷ್ಟ್ರ ಲಿಂಕಿನಿಂದ ಪುಸ್ತಕ ಇಳಿಸಿಕೊಂಡವರು 41 ಜನ. ಅದರಲ್ಲಿ ಒಬ್ಬರು ವಕೀಲರು. ಒಬ್ಬ ನಾನು.

ಮೊಮ್ಮಗನಿಗೆ ಗಿರಿಯ ಕಡೆ ಕಾಫಿ ತೋಟ ಇದೆ. ಇದನ್ನು ಹೇಳಬಾರದಿತ್ತೇನೋ, ಆದರೆ ಬಾಯಿ ಸುಮ್ಮನಿರುವುದಿಲ್ಲ. ಆ ಗಿರಿಗೆ ಬಾಬಾಬುಡನ್ ಅಂತ ಹೆಸರು ಯಾಕೆ ಬಂತು? ಚಿಕ್ಕಮಗಳೂರಿನ ಮಕ್ಕಳಿಗೆ ಮಗ್ಗಿ ಬರುವ ಮೊದಲೇ ಈ ಕತೆ ಬರುತ್ತದೆ. ಯೆಮೆನ್‌ನ ಮೋಕಾ ಬಂದರಿನಿಂದ ಮೊಳಕೆ ಬರುವ ಕಾಫಿ ಬೀಜ ಹೊರಗೆ ಹೋಗುವ ಹಾಗಿರಲಿಲ್ಲ. ಹುರಿದೋ ಬೇಯಿಸಿಯೋ ಕೊಡುತ್ತಿದ್ದರಂತೆ. ಕುಡಿಯಿರಿ, ಬೆಳೆಯಬೇಡಿ. ಇಂಥ ಕಾವಲಿನ ನಡುವೆ ಸೂಫಿ ಸಂತ ಬಾಬಾ ಬುಡನ್ ಏಳು ಬೀಜ ಗುಟ್ಟಾಗಿ ತಂದು ಇಲ್ಲಿ ಊರಿದರು. ನಾವು ಅದನ್ನು ಕಳ್ಳತನ ಅನ್ನುತ್ತೇವಾ? ಇಲ್ಲ, ಪವಾಡ ಅನ್ನುತ್ತೇವೆ. ಹೋಂಸ್ಟೇ ಗೋಡೆಗಳ ಮೇಲೆ ಚಿತ್ರ ಬರೆಸುತ್ತೇವೆ. ಈ ಜಿಲ್ಲೆಯ ಕಾರು, ಬಂಗಲೆ, ಮದುವೆಯ ಛತ್ರ, ಅಷ್ಟೇ ಯಾಕೆ, ಈ ನೋಟಿಸಿಗೆ ಕೊಟ್ಟ ಫೀಸು, ಎಲ್ಲ ಆ ಏಳು ಬೀಜದ ನಕಲು. ನಾಳೆ ಯೆಮೆನ್‌ನಲ್ಲಿ ಯಾರಾದರೂ ಮೊಮ್ಮಗ ಎಚ್ಚರಗೊಂಡರೆ ಏನು ಗತಿ? ಮೂಡಿಗೆರೆಯಿಂದ ಕೊಪ್ಪದ ತನಕ ಗಿಡ ಕಿತ್ತು ವಾಪಸು ಕಳಿಸಬೇಕಾಗುತ್ತದೆ.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಎಸ್.795 ತಳಿ ಬೆಳೆಸಿ ಬೆಳೆಗಾರರಿಗೆ ಹಂಚಿದಾಗ ಅದನ್ನು ತಗೊಳ್ಳಲು ಯಾರೂ ಹಿಂದೆಮುಂದೆ ನೋಡಲಿಲ್ಲ. ಹಂಚಿದ್ದು ತೋಟಕ್ಕೆ ಬಂದರೆ ಒಳ್ಳೆಯದು. ತೋಟದ ಕತೆ ಹಂಚಿದರೆ ಮಾತ್ರ ಅಪರಾಧ.

ಲೇಖಕರು ತೀರಿಕೊಂಡದ್ದು 1984ರಲ್ಲಿ. ಕಾಯ್ದೆಯ ಪ್ರಕಾರ ಅಲ್ಲಿಂದ 60 ವರ್ಷ ಹಕ್ಕು ವಾರಸುದಾರರದು. ಮೊದಲು ಇದು 50 ಇತ್ತು. 1991ರ ಕೊನೆಗೆ ಟಾಗೋರರ ಹಕ್ಕು ಮುಗಿಯುವುದರಲ್ಲಿತ್ತು. ದೆಹಲಿಗೆ ಗಾಬರಿಯಾಯಿತು. 1992ರಲ್ಲಿ ಕಾಯ್ದೆ ತಿದ್ದಿ ಹತ್ತು ವರ್ಷ ಸೇರಿಸಿದರು. ಟಾಗೋರರ ಹೆಸರಿನಲ್ಲಿ ನಮ್ಮ ಕಾದಂಬರಿಕಾರರಿಗೂ ಹತ್ತು ವರ್ಷ ಸಿಕ್ಕಿತು. ಹಾಗಾಗಿ ಈ ಪುಸ್ತಕ ಎಲ್ಲರದಾಗುವುದು 2045ರ ಜನವರಿ 1ಕ್ಕೆ. ಮೇಷ್ಟ್ರು 1948ರಲ್ಲಿ ಹುಟ್ಟಿದವರು. ಹೊಸ ವರ್ಷದ ಬೆಳಗ್ಗೆ ಎದ್ದು, ತಮ್ಮ 97ನೇ ವರ್ಷದಲ್ಲಿ, ಕನ್ನಡಕ ಒರೆಸಿಕೊಂಡು ಸ್ಕ್ಯಾನರ್ ಆನ್ ಮಾಡಬಹುದು.

ಅಲ್ಲಿಯ ತನಕ ಓದಲು ಏನೂ ಇಲ್ಲ ಅಂತಲ್ಲ. 1901ರಲ್ಲಿ ಬಿ.ಎಲ್. ರೈಸ್ ಹೊರತಂದ ಕಡೂರು ಜಿಲ್ಲೆಯ ಶಾಸನಗಳ ಸಂಪುಟ ಇದೆ. ನಮ್ಮ ಜಿಲ್ಲೆಗೆ ಆಗ ಅದೇ ಹೆಸರು. ನೆಟ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತದೆ, ಯಾರ ಮೊಮ್ಮಗನೂ ತಕರಾರು ಮಾಡುವುದಿಲ್ಲ. ಹೊಯ್ಸಳರ ಕಾಲದಲ್ಲಿ ಯಾವ ದೇವಸ್ಥಾನಕ್ಕೆ ಯಾವ ಗದ್ದೆ ಕೊಟ್ಟರು ಅಂತ ಚೆನ್ನಾಗಿ ತಿಳಿದುಕೊಳ್ಳಬಹುದು. ನಿಮ್ಮ ಅಜ್ಜಿ ಚಳಿಜ್ವರದ ಕಾಲದಲ್ಲಿ ಘಟ್ಟ ಹತ್ತಿ ಬಂದು ತೋಟದ ಕೂಲಿ ಲೈನಿನಲ್ಲಿ ಹೇಗೆ ಬದುಕಿದರು ಅನ್ನುವುದು ಮಾತ್ರ 2045ರ ನಂತರ.

ಕಾನೂನಿನಲ್ಲಿ ಬೇರೆ ದಾರಿ ಇಲ್ಲವಾ? ಇದೆ. ಹಕ್ಕುದಾರರ ಪತ್ತೆಯೇ ಇಲ್ಲದ ಪುಸ್ತಕವಾದರೆ 31ಎ ಕಲಮಿನ ಕೆಳಗೆ ಲೈಸೆನ್ಸ್ ಕೇಳಬಹುದು. ಅದಕ್ಕೆ ಮೊದಲು ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ಯಾವ ಪತ್ರಿಕೆ? ದೇಶದ ಬಹುಭಾಗದಲ್ಲಿ ಓಡುವ ಇಂಗ್ಲಿಷ್ ದಿನಪತ್ರಿಕೆ. ಕನ್ನಡದಲ್ಲಿ ಬರೆದವನ ವಾರಸುದಾರ ಶೃಂಗೇರಿಯಲ್ಲೋ ಅಜ್ಜಂಪುರದಲ್ಲೋ ಇರುತ್ತಾನೆ, ಅವನನ್ನು ಹುಡುಕಲು ಲಖನೌಗೆ ಇಂಗ್ಲಿಷಿನಲ್ಲಿ ಕೂಗಬೇಕು. ಅರ್ಜಿ ಕೊಡಲು ಮೊದಲು ಕಾಪಿರೈಟ್ ಬೋರ್ಡ್ ಇತ್ತು. 2017ರಲ್ಲಿ ಅದನ್ನು ಇನ್ನೊಂದು ಮಂಡಳಿಗೆ ಸೇರಿಸಿದರು. 2021ರಲ್ಲಿ ಆ ಮಂಡಳಿಯನ್ನೇ ಮುಚ್ಚಿದರು. ಈಗ ಮತ್ತೆ ಕೋರ್ಟಿಗೇ ಹೋಗಬೇಕು. ನಾನು ಆಗಲೇ ಹೇಳಲಿಲ್ಲವಾ, ಓದಬೇಕಾದರೆ ಕೋರ್ಟಿಗೇ ಹೋಗಬೇಕು ಅಂತ.

ಬರೆದವರಿಗೆ ದುಡ್ಡು ಬರಬೇಕು. ಇದರಲ್ಲಿ ಎರಡು ಮಾತಿಲ್ಲ. ನಿನ್ನೆ ಬಿಡುಗಡೆಯಾದ ಪುಸ್ತಕದ ಪಿಡಿಎಫ್ ಇವತ್ತು ವಾಟ್ಸಾಪ್‌ನಲ್ಲಿ ಹಂಚುವವನು ಕಳ್ಳನೇ. ಆದರೆ ಇದು ಅದಲ್ಲ. ಅಚ್ಚು ಹಾಕಿಸಿ ಸ್ವಾಮಿ, ನಾವೇ ಕ್ಯೂ ನಿಂತು ಕೊಳ್ಳುತ್ತೇವೆ. ನೀವೂ ಹಾಕಿಸುವುದಿಲ್ಲ, ಬೇರೆಯವರಿಗೂ ಬಿಡುವುದಿಲ್ಲ ಅಂದರೆ ಏನರ್ಥ? ಮೇಷ್ಟ್ರು ಈ ಪುಸ್ತಕಕ್ಕಾಗಿ ಮಳೆಯಲ್ಲಿ ಬಸ್ಸು ಹತ್ತಿ ತರೀಕೆರೆಗೆ ಹೋಗಿ, ಯಾರದೋ ಅಟ್ಟದಿಂದ ಬೂಷ್ಟು ಹಿಡಿದ ಪ್ರತಿ ಇಳಿಸಿ, 212 ಪುಟ ಒಂದೊಂದಾಗಿ ಒರೆಸಿ ಸ್ಕ್ಯಾನ್ ಮಾಡಿದರು. ಒಂದು ಪೈಸೆ ಮುಟ್ಟಲಿಲ್ಲ. ಈಗ 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದ ತನಕ ಜೈಲು ಅಂತ ಓದಿಕೊಂಡು ರಾತ್ರಿ ನಿದ್ದೆ ಮಾಡುತ್ತಿಲ್ಲ. ನನಗೆ ಇದರಲ್ಲಿ ನಗು ಬರುತ್ತಿಲ್ಲ, ನಗಿಸಲು ಕೂತವನಿಗೂ ಬರುತ್ತಿಲ್ಲ. ನಿರಂಜನರ ಮನೆಯವರು 2014ರಲ್ಲಿ ಅವರ 55 ಪುಸ್ತಕಗಳನ್ನು ಯಾರು ಬೇಕಾದರೂ ಬಳಸಿ ಅಂತ ಮುಕ್ತವಾಗಿ ಬಿಟ್ಟುಕೊಟ್ಟರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಪಕ್ಕದ ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಹೋದ ವರ್ಷ ಹೋಗಿದ್ದೆ. ಕನ್ನಡದ ಮೊದಲ ಶಾಸನ ಅಂತ ಬಹುಕಾಲದಿಂದ ಹೆಸರಾದ ಕಲ್ಲು ಸಿಕ್ಕ ಊರು. ಮೂಲ ಕಲ್ಲು ಮೈಸೂರು ಸೇರಿದೆ. ಊರಲ್ಲಿ ನಿಲ್ಲಿಸಿರುವುದು ನಕಲು. ಜನ ಅದರ ಮುಂದೆಯೇ ಕೈಮುಗಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಶಾಸನದ ಕೊನೆಗೆ ಒಂದು ಶಾಪ ಇದೆ. ಇದನ್ನು ಹಾಳುಮಾಡಿದವನಿಗೆ ಮಹಾಪಾತಕ ಅಂತ. ನಕಲು ಮಾಡಿದವನ ಬಗ್ಗೆ ಏನೂ ಬರೆದಿಲ್ಲ. ಎರಡೆರಡು ಸಲ ನೋಡಿದೆ.

ಮೊನ್ನೆ ಸಂಜೆ ಮೇಷ್ಟ್ರ ಮನೆಯಲ್ಲಿ ಕೂತಿದ್ದಾಗ ವಕೀಲರ ಆಫೀಸಿನಿಂದ ಫೋನು ಬಂತು. ಮೇಷ್ಟ್ರ ಕೈ ನಡುಗಿತು. ಸ್ಪೀಕರ್ ಹಾಕಿದರು. ಗುಮಾಸ್ತೆ ಮಾತಾಡಿದ್ದು.

"ಸಾರ್, 112, 113ನೇ ಪುಟ ಸರಿಯಾಗಿ ಬಂದಿಲ್ಲ. ಹೆಬ್ಬೆರಳು ಅಡ್ಡ ಬಂದಿದೆ. ಇನ್ನೊಂದ್ಸಲ ಕಳಿಸ್ತೀರಾ?"

"ಕೋರ್ಟಿಗೇನಪ್ಪಾ?"

"ಕೋರ್ಟಿಗೂ ಬೇಕು ಸಾರ್. ಆ ಹುಡುಗಿಗೆ ಜ್ವರ ಜಾಸ್ತಿ ಆದ ಕಡೆಗೇ ನಿಂತೋಗಿದೆ."

ಮೇಷ್ಟ್ರು ಫೋನಿಟ್ಟು ಸ್ಕ್ಯಾನರ್ ಮೇಲಿನ ಬಟ್ಟೆ ತೆಗೆದರು.